ಕೇಡಿ ಅಲ್ಲ ಕಣಕ್ಕ, ಕ್ಯಾಡಿ

ಚೆಂಡು ಬಂದು ಅವಳ ತಲೆಗೆ ಬಡಿಯಬಹುದಿತ್ತು. ಹುಲ್ಲಿನಲ್ಲಿ ಹಾವು ಇರಬಹುದಿತ್ತು. ಬಿಸಿಲಿಗೆ ಕಣ್ಣು ಕತ್ತಲೆ ಬಂದು ಬೀಳಬಹುದಿತ್ತು. ಹದಿನಾಲ್ಕು ಕೋಲುಗಳ ಬ್ಯಾಗು ಹೊತ್ತು ಹೆಗಲು ಇಳಿದುಹೋಗಬಹುದಿತ್ತು. ಕೊಡಬೇಕಾದ ಕೋಲು ಬಿಟ್ಟು ಇನ್ನೊಂದನ್ನು ಕೊಟ್ಟು, ಆಡುವ ಸಾಹೇಬರು ಎಲ್ಲರೆದುರು ರೇಗಬಹುದಿತ್ತು. ಜೊತೆಯ ಗಂಡಸರು ಇಲ್ಲಸಲ್ಲದ್ದು ಆಡಬಹುದಿತ್ತು. ಅದಕ್ಕೆ ಇವಳು ತಿರುಗಿಸಿ ಆಡಬಹುದಿತ್ತು (ಆಡುತ್ತಾಳೆ, ನನಗೆ ಗೊತ್ತು). ಊರಿನವರು ಯಾರಾದರೂ ವಿಡಿಯೊ ಮಾಡಿ ಸ್ಟೇಟಸ್‌ಗೆ ಹಾಕಬಹುದಿತ್ತು. ಬಟಾಬಯಲಿನಲ್ಲಿ ಕಬ್ಬಿಣದ ಕೋಲು ಹಿಡಿದು ನಿಂತಾಗಲೇ ಸಿಡಿಲು ಬಡಿಯಬಹುದಿತ್ತು.

ಇದೆಲ್ಲ ನೋಡಿ ನನಗೆ ಬಿಪಿ ಏರಬಹುದಿತ್ತು.

ಇಷ್ಟನ್ನೂ ಹಿಂದಿನ ದಿನವೇ ಯೋಚಿಸಿ ಮುಗಿಸಿದ್ದೆ. ನನ್ನನ್ನು ವಾರವಾರ ಓದುವವರಿಗೆ ಇದರಲ್ಲಿ ಹೊಸದೇನಿಲ್ಲ. ಗ್ಯಾಸ್ ಆಫ್ ಮಾಡಿದ್ದೀನೋ ಇಲ್ಲವೋ ಅಂತ ತಿಪಟೂರು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸ್ ಓಡಿದವನು ನಾನು. ಓಡಿ ಹೋಗಿ ನೋಡಿದರೆ ಸಿಲಿಂಡರ್ ಖಾಲಿಯಾಗಿ ಎರಡು ದಿನವಾಗಿತ್ತು.

ಈ ಸಲದ ಕಥೆ ಶುರುವಾಗಿದ್ದು ಅಕ್ಕನ ಫೋನಿನಿಂದ. ದಂಡಿನಶಿವರದಲ್ಲಿರುವ ನಮ್ಮಕ್ಕ ಫೋನಿನಲ್ಲಿ ಹಲೋ ಅನ್ನುವವಳಲ್ಲ. ನೇರ ವಿಷಯಕ್ಕೆ ಬರುತ್ತಾಳೆ.

"ಲೋ, ನಿನ್ ಸೊಸೆ ಕೇಡಿ ಆಗವ್ಳಂತೆ ಕಣ್ಲಾ!"

ಕೈಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಸೊಸೆ ಅಂದರೆ ಅಕ್ಕನ ಮಗಳು ಸಿಂಚನ. ಇಪ್ಪತ್ತಮೂರು ವಯಸ್ಸು. ಬಿ.ಕಾಂ. ಓದಿದವಳು. ಕೇಡಿ ಅಂದರೆ ಯಾರು ಅಂತ ನಿಮಗೆ ಗೊತ್ತೇ ಇದೆ. ಪೊಲೀಸ್ ಸ್ಟೇಷನ್ನಿನ ಗೋಡೆ ಮೇಲೆ ಸಾಲಾಗಿ ಫೋಟೊ ಇರುತ್ತಲ್ಲ, ಅವರು.

"ಏನ್ ಮಾಡಿದ್ಲಕ್ಕ?"

"ಮಾಡೋದೇನು? ಕೆಲಸಾನೇ ಅದಂತೆ. ಕ್ಲಬ್ಬಲ್ಲಿ."

ಮೊದಲು ಕೇಡಿ, ಅದರ ಮೇಲೆ ಕ್ಲಬ್ಬು! ನಮ್ಮ ತಾಲ್ಲೂಕುಗಳಲ್ಲಿ ಕ್ಲಬ್ ಅನ್ನುವ ಪದಕ್ಕೆ ಒಂದೇ ಅರ್ಥ: ಬಾಗಿಲು ಅರ್ಧ ಮುಚ್ಚಿಕೊಂಡು ಗಂಡಸರು ಇಸ್ಪೀಟು ಆಡುವ ಜಾಗ. ಪೂರ್ತಿ ಬಿಡಿಸಿಕೊಳ್ಳಲು ಕಾಲು ಗಂಟೆ ಹಿಡಿಯಿತು. ಕೇಡಿ ಅಲ್ಲ, ಕ್ಯಾಡಿ. ಇಸ್ಪೀಟು ಅಲ್ಲ, ಗಾಲ್ಫ್. ಆಡುವವರ ಕೋಲುಗಳ ಬ್ಯಾಗು ಹೊತ್ತು, ಚೆಂಡು ಎಲ್ಲಿ ಬಿತ್ತು ಅಂತ ನೋಡಿ, ಯಾವ ಕೋಲು ತಗೋಬೇಕು ಅಂತ ಹೇಳುವ ಕೆಲಸ.

ನಮ್ಮ ಕಡೆ ಗಾಲ್ಫಾ ಅಂತ ಹುಬ್ಬೇರಿಸಬೇಡಿ. ತಿಪಟೂರಿಗೂ ತುರುವೇಕೆರೆಗೂ ಮಧ್ಯೆ, ರಸ್ತೆಯಿಂದ ಒಳಗೆ, ರಾಗಿ ಹೊಲಗಳಿದ್ದ ಕಡೆ ಯಾರೋ ರೆಸಾರ್ಟ್ ಮಾಡಿ, ಪಕ್ಕದಲ್ಲಿ ಒಂಬತ್ತು ಗುಂಡಿಗಳ ಗಾಲ್ಫ್ ಮೈದಾನವನ್ನೂ ಮಾಡಿದ್ದಾರೆ (ಹೆಸರು ಹೇಳುವುದಿಲ್ಲ, ಪುಕ್ಕಟೆ ಜಾಹೀರಾತಾಗುತ್ತೆ). ಸಿಂಚನ ಅಲ್ಲಿನ ಆಫೀಸಿನಲ್ಲಿ ಫೋನ್ ಎತ್ತುವ ಕೆಲಸಕ್ಕೆ ಸೇರಿದವಳು. ಒಂದು ವಾರ ಎತ್ತಿದಳು. ಎರಡನೇ ವಾರ ಹೊರಗೆ ಹೋಗಿ ಬ್ಯಾಗು ಎತ್ತಿದಳು. ಅಕ್ಕನ ಪಾಲಿಗೆ ಮಾತ್ರ ಅವಳು ಮೂರು ತಿಂಗಳಿಂದ ಫೋನನ್ನೇ ಎತ್ತುತ್ತಿದ್ದಳು. ಮೊನ್ನೆ ಪಕ್ಕದ ಮನೆಯವರು ಕಣ್ಣಾರೆ ನೋಡಿ ಬಂದು ಹೇಳುವವರೆಗೆ.

"ಇಪ್ಪತ್ತೆರಡು ಜನ ಗಂಡಸ್ರಂತೆ, ಇವಳೊಬ್ಳಂತೆ," ಅಂದಳು ಅಕ್ಕ. "ನಿಮ್ ಭಾವ ತೋಟ ಬಿಟ್ರೆ ಬಾಯ್ ಬಿಡಲ್ಲ. ಭಾನುವಾರ ಅದೇನೋ ಕಾಂಪಿಟೇಶನ್ನು ಐತಂತೆ. ನೀನು ಹೋಗಿ ನೋಡ್ಕೊಂಡ್ ಬಾ. ಸರಿಯಾಗೈತೆ ಅಂದ್ರೆ ಇರ್ಲಿ. ಒಂದ್ ಚೂರು ಹೆಚ್ಚುಕಮ್ಮಿ ಆಯ್ತು ಅಂದ್ಯೋ, ಸೋಮವಾರದಿಂದ್ಲೇ ಬುಡಿಸ್‌ಬುಡ್ತೀನಿ."

ಯಾವ ವಿಷಯವನ್ನಾದರೂ ನೋಡಿ 'ಸರಿಯಾಗಿದೆ' ಅಂತ ನಾನು ಇವತ್ತಿನವರೆಗೆ ಹೇಳಿದ್ದಿಲ್ಲ. ತೀರ್ಪು ಕೊಡಲು ಅಕ್ಕ ಇಂಥವನನ್ನೇ ಆರಿಸಿದ್ದಳು.

ಭಾನುವಾರ ಏಳೂವರೆಗೆ ಗೇಟಿನ ಹತ್ತಿರ ಇಳಿದೆ. ಸಿಂಚನ ಕಾಯುತ್ತಿದ್ದಳು. ಹಸಿರು ಶರ್ಟು, ಬೆನ್ನ ಮೇಲೆ ನಂಬರು, ತಲೆಗೊಂದು ಟೋಪಿ, ಕಾಲಿಗೆ ಬೂಟು.

"ಏನ್ ಮಾವ, ಇನ್‌ಸ್ಪೆಕ್ಷನ್ನಾ?"

"ಛೆ, ಹಂಗೇನಿಲ್ಲ. ಸುಮ್ನೆ ಬಂದೆ."

ಅವಳು ನನ್ನ ಹೆಗಲ ಚೀಲ ನೋಡಿದಳು. ಎರಡು ಬಾಟಲಿ ನೀರು, ಗ್ಲುಕೋಸ್ ಪುಡಿ, ಬ್ಯಾಂಡೇಜು, ಮುಲಾಮು, ಕೊಡೆ, ಟಾರ್ಚು (ಬೆಳಗ್ಗೆ ಏಳೂವರೆಗೆ ಟಾರ್ಚು ಯಾಕೆ ಅಂತ ನನ್ನನ್ನೂ ಕೇಳಬೇಡಿ).

"ಮಾವ, ನಿನ್ ಬ್ಯಾಗೇ ನನ್ ಬ್ಯಾಗಿಗಿಂತ ದಪ್ಪ ಐತಲ್ಲ! ನೀನೇ ಕ್ಯಾಡಿ ಆಗ್ಬುಡು."

ಒಳಗೆ ಕರೆದುಕೊಂಡು ಹೋಗಿ ಕ್ಯಾಡಿಗಳ ರೂಮು ತೋರಿಸಿದಳು. ಸಿಮೆಂಟ್ ಶೀಟಿನ ಉದ್ದನೆಯ ರೂಮು. ಪಕ್ಕದಲ್ಲೊಂದು ಸಣ್ಣ ಕೋಣೆ. ಅದರ ಬಾಗಿಲಿಗೆ ಹೊಸ ಚಿಲಕ ಹೊಳೆಯುತ್ತಿತ್ತು. "ಇದು ನಂದು," ಅಂದಳು. "ಬಟ್ಟೆ ಬದಲಾಯಿಸೋಕೆ. ಮೊದ್ಲು ಚಿಲಕ ಇರ್ಲಿಲ್ಲ. ಕೇಳ್ದೆ, ಹಾಕ್ಸಿದ್ರು."

"ಅಷ್ಟೇನಾ?"

"ಅಷ್ಟೇ ಮಾವ. ಕೇಳೋವರ್ಗೂ ಯಾರಿಗೂ ಹೊಳ್ದಿರ್ಲಿಲ್ಲ."

ನಾನು ನಾಲ್ಕು ಸಲ ಚಿಲಕ ಹಾಕಿ ತೆಗೆದು ನೋಡಿದೆ. ಗಟ್ಟಿಯಾಗಿಯೇ ಇತ್ತು. ಪಟ್ಟಿಗೆ ಒಂದು ಹೊಸ ಚಿಂತೆ ಸಿಗಲಿಲ್ಲವಲ್ಲ ಅಂತ ಒಳಗೊಳಗೇ ಬೇಜಾರಾಯಿತು.

ಅಷ್ಟು ಹೊತ್ತಿಗೆ ಕ್ಯಾಡಿಗಳ ಮೇಲ್ವಿಚಾರಕ ರುದ್ರೇಶ ಬಂದ. ಮೊದಲು ತೆಂಗಿನ ಮರ ಹತ್ತಿ ಕಾಯಿ ಕೆಡವುತ್ತಿದ್ದವನಂತೆ. ಈಗ ಕೈಲಿ ವಾಕಿಟಾಕಿ. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ನೋಡಿ ಸಾರ್, ಹುಡ್ಗಿ ಚುರುಕು. ಆದ್ರೆ ಮೆಂಬರ್‌ಗಳಿಗೆ ಇನ್ನೂ ಧೈರ್ಯ ಬಂದಿಲ್ಲ. ಕಾಂಪಿಟೇಶನ್ ದಿನ ಬ್ಯಾಗ್ ಕೊಡ್ತಿರೋದು ಇದೇ ಫಸ್ಟು. ಒಂದು ಗಲಾಟೆ ಇಲ್ದಂಗೆ ಮುಗೀತು ಅಂದ್ರೆ ಕ್ಯಾಡಿಗಳ ಬೋರ್ಡ್ ಮೇಲೆ ಹೆಸ್ರು ಬರೀತೀನಿ. ಇಲ್ಲಾಂದ್ರೆ ಮತ್ತೆ ಆಫೀಸು, ಅದೇ ಫೋನು."

ಅಲ್ಲಿಗೆ ಅವಳ ಕೆಲಸಕ್ಕೆ ಇಬ್ಬರು ಜಡ್ಜುಗಳಾದೆವು. ಒಬ್ಬನ ಕೈಲಿ ವಾಕಿಟಾಕಿ, ಇನ್ನೊಬ್ಬನ ಕೈಲಿ ಗ್ಲುಕೋಸ್.

ಲೋಕಿ ಅಂತ ಇನ್ನೊಬ್ಬ ಕ್ಯಾಡಿ. ಎದುರು ಪಾರ್ಟಿಯ ಬ್ಯಾಗು ಅವನದು. ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಏನ್ ಮೇಡಮ್ಮು, ಮಿನಿಸ್ಟ್ರು ಥರ ಬಾಡಿಗಾರ್ಡ್ ಇಟ್ಕೊಂಡ್ ಬಂದವ್ರೆ?"

"ಹೂ ಕಣೋ ಲೋಕಿ. ನೀನು ಚೆಂಡು ಕಳ್ಕೊಂಡಾಗ ಹುಡುಕೋಕೆ ಜನ ಬೇಕಲ್ಲ ಅಂತ."

ಸುತ್ತ ಇದ್ದವರು ಗೊಳ್ಳೆಂದರು. ಲೋಕಿಯೂ ನಕ್ಕ. ನಾನೊಬ್ಬನೇ ನಗಲಿಲ್ಲ. 'ತಿರುಗಿಸಿ ಆಡಬಹುದು' ಅನ್ನುವುದು ನನ್ನ ಪಟ್ಟಿಯಲ್ಲಿತ್ತಲ್ಲ? ಆಡಿದಳು. ಏನೂ ಆಗಲಿಲ್ಲ. ಏನೂ ಆಗದಿದ್ದರೆ ಮುಂದೆ ಏನು ಮಾಡಬೇಕು ಅನ್ನುವುದಕ್ಕೆ ನನ್ನ ಹತ್ತಿರ ತಯಾರಿ ಇರಲಿಲ್ಲ.

"ಮಾವ, ಮೂರೇ ರೂಲ್ಸು," ಅಂದಳು ಸಿಂಚನ, ಬ್ಯಾಗು ಹೆಗಲಿಗೇರಿಸುತ್ತಾ. "ಅವ್ರು ಹೊಡೆಯೋವಾಗ ಮಾತಾಡ್ಬೇಡ. ಎದುರಿಗೆ ನಿಂತ್ಕೋಬೇಡ. ನನಗೆ ಗ್ಲುಕೋಸ್ ಕೊಡೋಕೆ ಮಧ್ಯೆ ಓಡಿ ಬರ್ಬೇಡ."

ನಾಲ್ಕನೆಯದೊಂದು ರೂಲ್ ಹೇಳಲು ಮರೆತಳು. ಮರೆತಳು ಅನ್ನುವುದೂ ತಪ್ಪು. ಅದನ್ನೂ ಬಾಯಿಬಿಟ್ಟು ಹೇಳಬೇಕು ಅಂತ ಯಾರಿಗೆ ತಾನೇ ಅನ್ನಿಸೀತು?

ಅವಳ ಸಾಹೇಬರು ಬೆಂಗಳೂರಿನವರು, ಅರವತ್ತು ದಾಟಿದವರು, ಬಿಳಿ ಟೋಪಿ. ಎದುರು ಆಡುವವರು ಕಪ್ಪು ಕನ್ನಡಕ. ಮೊದಲ ಹೊಡೆತವಾಗಿ ಚೆಂಡಿನ ಹತ್ತಿರ ಹೋದ ಮೇಲೆ ಬಿಳಿ ಟೋಪಿಯವರು ದೂರದಲ್ಲಿ ಗುಂಡಿಗೆ ನೆಟ್ಟ ಬಾವುಟದ ಕಡೆ ನೋಡಿ ಕೇಳಿದರು: "ಎಷ್ಟಿದೆಯಮ್ಮ?"

ಸಿಂಚನ ಕಣ್ಣು ಕಿರಿದು ಮಾಡಿದಳು. ತುಟಿ ಒಂದಿಷ್ಟು ಅಲ್ಲಾಡಿತು. "ಹದಿಮೂರು ಮರ ಸಾರ್."

"ವಾಟ್?"

"ಸಾರಿ ಸಾರ್. ನೂರ ಮೂವತ್ತು ಗಜ."

ಸಾಹೇಬರು ಜೇಬಿನಿಂದ ದುರ್ಬೀನಿನಂಥ ಪುಟ್ಟ ಯಂತ್ರ ತೆಗೆದು ಬಾವುಟಕ್ಕೆ ಹಿಡಿದರು. ಅದು ದೂರ ಅಳೆಯುತ್ತದಂತೆ. ನೂರ ಮೂವತ್ತೊಂದು ಅಂತ ತೋರಿಸಿತು. ಸಾಹೇಬರು ಯಂತ್ರವನ್ನೊಮ್ಮೆ, ಇವಳನ್ನೊಮ್ಮೆ ನೋಡಿದರು.

ನನಗೆ ಆಗ ಹೊಳೆಯಿತು. ನಮ್ಮ ಕಡೆ ತೋಟದಲ್ಲಿ ಮರದಿಂದ ಮರಕ್ಕೆ ಎಷ್ಟು? ಮೂವತ್ತಡಿ. ಗಜಕ್ಕೆ ಎಷ್ಟು? ಮೂರಡಿ. ಅಂದರೆ ಮರಕ್ಕೆ ಹತ್ತು ಗಜ! ಹುಟ್ಟಿದಾಗಿನಿಂದ ತೋಟದ ಸಾಲಿನ ಈ ತುದಿಯಲ್ಲಿ ನಿಂತು ಆ ತುದಿಯಲ್ಲಿರುವ ಅಪ್ಪನನ್ನು ಕೂಗಿದವಳು ಅವಳು. ಬಯಲಿನಲ್ಲೂ ಅವಳ ಕಣ್ಣಿಗೆ ಮರ ಕಾಣುತ್ತದೆ. ನಾನೂ ತೋಟದಲ್ಲೇ ಬೆಳೆದವನು. ನನ್ನ ಮನೆಯಿಂದ ಬಸ್ ಸ್ಟ್ಯಾಂಡ್ ಎಷ್ಟು ದೂರ ಅಂದರೆ ಇವತ್ತಿಗೂ 'ಸ್ವಲ್ಪ ದೂರ' ಅನ್ನುತ್ತೇನೆ.

ಗಾಳಿಯೂ ಹಾಗೇ. ಮೂರನೇ ಗುಂಡಿಯಲ್ಲಿ ಸಾಹೇಬರು ಏಳನೇ ನಂಬರಿನ ಕೋಲು ಕೇಳಿದರು. ಇವಳು ಮೈದಾನದ ಅಂಚಿನ ತೆಂಗಿನ ಗರಿಗಳ ಕಡೆ ಗಲ್ಲ ಎತ್ತಿ ತೋರಿಸಿ, "ಚಿಕ್ಕನಾಯಕನಹಳ್ಳಿ ಗುಡ್ಡದ ಕಡೆಯಿಂದ ಗಾಳಿ ಎದುರಿಗೆ ತಿರುಗ್ತಿದೆ ಸಾರ್, ಆರನೇ ನಂಬರ್ ತಗೊಳ್ಳಿ," ಅಂದಳು. ನಂಬರು ಕಮ್ಮಿಯಾದಷ್ಟೂ ಚೆಂಡು ದೂರ ಹೋಗುತ್ತದಂತೆ. ಸಾಹೇಬರು ಆರನೆಯದನ್ನೇ ತಗೊಂಡರು. ಚೆಂಡು ಬಾವುಟದ ಪಕ್ಕ ಹೋಗಿ ಕೂತಿತು.

ಐದನೇ ಗುಂಡಿಯ ಹೊತ್ತಿಗೆ ಲೋಕಿ ಪಕ್ಕಕ್ಕೆ ಸರಿದು ಬಂದು ಪಿಸುಗುಟ್ಟಿದ: "ಲೇ, ಎಷ್ಟ್ ಮರಾನೇ?"

"ಹನ್ನೊಂದು. ಇನ್ಮೇಲಾದ್ರೂ ತೋಟಕ್ಕೆ ಹೋಗಿ ಎಣ್ಸು."

ಇನ್ನೊಂದು ವಿಷಯ ಗಮನಿಸಿದೆ. ಚೆಂಡು ಹಾರುವಾಗ ಎಲ್ಲರೂ ಚೆಂಡನ್ನು ನೋಡುತ್ತಾರೆ. ಇವಳು ಅದು ಬೀಳುವ ಜಾಗ ನೋಡುತ್ತಾಳೆ. ಇದೂ ಎಲ್ಲಿಂದ ಬಂತು ಅಂತ ಗೊತ್ತು. ಕಾಯಿ ಕೆಡವುವ ದಿನ ಮೇಲಿಂದ ದಬದಬ ಬಿದ್ದ ಕಾಯಿ ದಿಕ್ಕಿಗೊಂದು ಉರುಳುತ್ತವೆ. ಇವಳು ಲಂಗ ಎತ್ತಿಕಟ್ಟಿಕೊಂಡು ದೂರದಲ್ಲಿ ನಿಂತಿರುತ್ತಿದ್ದಳು. ಮುಗಿದ ಮೇಲೆ ನೇರ ಹೋಗಿ, ಪೊದೆಗೆ ಕೈ ಹಾಕಿ, ಒಂದೊಂದಾಗಿ ತೆಗೆದು ತರುತ್ತಿದ್ದಳು. ಆಗಲೂ ನಾನು ಅಂದುಕೊಳ್ಳುತ್ತಿದ್ದೆ. ಏನಂತ? ಪೊದೇಲಿ ಹಾವಿದ್ದರೆ ಅಂತ.

ಆರು ಗುಂಡಿ ಮುಗಿದವು. ನನ್ನ ಪಟ್ಟಿಯ ಬೇರೆ ಒಂದೂ ಆಗಲಿಲ್ಲ. ಬಿಸಿಲೂ ಸುಮಾರಾಗಿತ್ತು. ಹೆಗಲು ನೋಯಿತೇ ಅಂತ ದೂರದಿಂದಲೇ ಸನ್ನೆ ಮಾಡಿ ಕೇಳಿದೆ. ಅವಳು ಕಾಣದವಳಂತೆ ನಡೆದಳು. ನನ್ನ ಮೊಣಕಾಲೇ ನೋಯುತ್ತಿತ್ತು. ಅದಕ್ಕೆ ಅವರಿಗಿಂತ ಮುಂದೆ ಹೋಗಿ ಏಳನೇ ಗುಂಡಿಯ ದಾರಿ ಪಕ್ಕದ ಹೊಂಗೆ ಮರದ ನೆರಳಿನಲ್ಲಿ ನಿಂತೆ. ಅಲ್ಲೇ ಅಂಚಿಗೆ, ಹಳೇ ತೋಟದ್ದೊಂದು ತೆಂಗಿನ ಸಾಲನ್ನು ಕಡಿಯದೆ ಉಳಿಸಿದ್ದಾರೆ.

ದೂರದಲ್ಲಿ ಬಿಳಿ ಟೋಪಿ ಕೋಲು ಬೀಸಿತು. ಚೆಂಡು ಬಲಕ್ಕೆ ತಿರುಗಿ ನನ್ನ ಕಡೆಗೇ ಬಂತು. ನಾನು ಚೀಲವನ್ನು ತಲೆಗೆ ಅಡ್ಡ ಹಿಡಿದೆ. ಟಪ್! ಹತ್ತಡಿ ಆಚೆ ಹುಲ್ಲಿನಲ್ಲಿ ಬಿತ್ತು.

ಅವರೆಲ್ಲ ಮಧ್ಯದ ಹಳ್ಳಕ್ಕಿಳಿದು ಕಣ್ಣಿಗೆ ಮರೆಯಾದರು. ಸುತ್ತ ಯಾರೂ ಇಲ್ಲ. ಎದುರಿಗೆ ತೆಂಗಿನ ಸಾಲು. ನೆಲದ ಮೇಲೆ, ಆಗಷ್ಟೇ ಬಿದ್ದ, ದುಂಡಗಿನ ಒಂದು ವಸ್ತು.

ನಾನು ಹೋದೆ. ಬಗ್ಗಿದೆ. ಎತ್ತಿಕೊಂಡೆ. ಪ್ಯಾಂಟಿಗೆ ಒರೆಸಿದೆ. ತೆಂಗಿನ ಮರದ ಬುಡಕ್ಕೆ ಒರಗಿಸಿ ಇಟ್ಟೆ.

ನಮ್ಮ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು. ಹೊರಗಿನ ಓದುಗರಿಗೆ ಬಿಡಿಸಿ ಹೇಳಬೇಕು. ಬೇರೆಯವರ ತೋಟದ ಮೇಲೆ ಹಾದುಹೋಗುವಾಗ ಉದುರಿದ ಕಾಯಿ ಕಂಡರೆ ತಗೊಂಡು ಹೋಗಬಾರದು. ಹಾಗಂತ ಕಂಡೂ ಕಾಣದಂತೆ ದಾಟಿಕೊಂಡೂ ಹೋಗಬಾರದು. ಎತ್ತಿ ಮರದ ಬುಡಕ್ಕಿಡಬೇಕು. ತೋಟದವರು ಬಂದಾಗ ಯಾರೋ ಮರ್ಯಾದಸ್ಥರು ಈ ಕಡೆ ಹೋಗಿದ್ದಾರೆ ಅಂತ ತಿಳಿದುಕೊಳ್ಳುತ್ತಾರೆ. ಇದನ್ನು ನನಗೆ ಆರನೇ ವಯಸ್ಸಿನಲ್ಲಿ ಅಪ್ಪ ಬೆನ್ನಿಗೊಂದು ಕೊಟ್ಟು ಕಲಿಸಿದ್ದರು. ಐವತ್ತೆರಡನೇ ವಯಸ್ಸಿನಲ್ಲಿ ನನ್ನ ಕೈ ನನ್ನನ್ನು ಕೇಳದೆ ಅದನ್ನು ಮಾಡಿತು.

ಮಾಡಿ, ಸಮಾಧಾನದಿಂದ ನೆರಳಿಗೆ ವಾಪಸ್ ಬಂದು ನೀರು ಕುಡಿದೆ.

ಅವರು ಹಳ್ಳ ಹತ್ತಿ ಬಂದರು. ಸಿಂಚನ ನೇರ ಒಂದು ಜಾಗಕ್ಕೆ ಬಂದು ನಿಂತಳು. ಅಲ್ಲಿ ಚೆಂಡಿಲ್ಲ. ಲೋಕಿ ಕೂಗಿದ: "ಇಲ್ಲೈತೆ! ಮರದ ಬುಡದಾಗೆ!"

ಬಿಳಿ ಟೋಪಿಯವರ ಮುಖ ಇಳಿಯಿತು. ಬುಡಕ್ಕೆ ಒರಗಿ ಕೂತ ಚೆಂಡನ್ನು ಹೊಡೆಯುವುದು ಹೇಗೆ? ಕೋಲು ಮರಕ್ಕೇ ಬಡಿಯುತ್ತದೆ.

"ಸಾರ್, ಅದು ಅಲ್ಲಿ ಬಿದ್ದಿಲ್ಲ. ಇಲ್ಲಿ ಬಿದ್ದಿದ್ದು," ಅಂದಳು ಸಿಂಚನ.

ಕಪ್ಪು ಕನ್ನಡಕದವರು ನಕ್ಕರು. "ಬಾಲ್ ಅಲ್ಲಿದೆ, ನೀನು ಇಲ್ಲಿ ಅಂತೀಯ. ಕಾಂಪಿಟೇಶನ್ ಕಣಮ್ಮ ಇದು."

"ಅಲ್ಲಿ ನಿಂತಿರೋರು ಇವಳ ಮಾವ ಸಾರ್," ಅಂದ ಲೋಕಿ ಮೆಲ್ಲಗೆ. ಅವನಿಗೆ ಬೇಕಿತ್ತೋ ಬೇಡವಿತ್ತೋ, ಮಾತು ಹೊರಗೆ ಬಿದ್ದಿತ್ತು.

ಎಲ್ಲರೂ ನನ್ನ ಕಡೆ ತಿರುಗಿದರು. ವಾಕಿಟಾಕಿ ಹಿಡಿದ ರುದ್ರೇಶ ದೂರದಿಂದ ದೊಡ್ಡ ಹೆಜ್ಜೆ ಹಾಕುತ್ತಾ ಬರುತ್ತಿದ್ದ. ಗಲಾಟೆ ಅಂದರೆ ಇದೇ ಅಲ್ಲವೇ? ಇನ್ನು ಬೋರ್ಡು ಇಲ್ಲ, ಹೆಸರು ಇಲ್ಲ. ಸೋಮವಾರದಿಂದ ಫೋನು. ಅಕ್ಕನಿಗೆ ಗೊತ್ತಾದರೆ ಅದೂ ಇಲ್ಲ. ಈಗ ಗ್ಲುಕೋಸ್ ಬೇಕಾಗಿದ್ದು ನನಗೆ.

ಸಿಂಚನ ಕೂಗಾಡಲಿಲ್ಲ, ಅಳಲಿಲ್ಲ. ಬುಡದಲ್ಲಿದ್ದ ಚೆಂಡನ್ನು ನೋಡಿದಳು. ನನ್ನನ್ನು ನೋಡಿದಳು.

"ಮಾವ, ಬುಡಕ್ಕಿಟ್ಯಾ?"

ತಲೆಯಾಡಿಸಿದೆ.

ಲೋಕಿ ಹೊಟ್ಟೆ ಹಿಡಿದುಕೊಂಡು ಕೂತ. "ಅಯ್ಯಯ್ಯಪ್ಪ! ಬುಡಕ್ಕಿಟ್ಟವ್ರೆ ಕಣ್ ರುದ್ರಣ್ಣ! ಚೆಂಡ್ನ ಬುಡಕ್ಕಿಟ್ಟವ್ರೆ!" ರುದ್ರೇಶನ ಮೀಸೆ ಅದುರತೊಡಗಿತು. ನಗಬಾರದು ಅಂತ ವಾಕಿಟಾಕಿಯನ್ನು ಬಾಯಿಗೆ ಅಡ್ಡ ಹಿಡಿದ. ಪಕ್ಕದಲ್ಲಿ ಹುಲ್ಲು ಕತ್ತರಿಸುತ್ತಿದ್ದವರೂ ಯಂತ್ರ ನಿಲ್ಲಿಸಿ ನಗಲು ಬಂದರು.

ಬೆಂಗಳೂರಿನ ಇಬ್ಬರಿಗೆ ಮಾತ್ರ ಏನೂ ಅರ್ಥವಾಗಲಿಲ್ಲ. ರುದ್ರೇಶ ಅವರಿಗೆ ವಿವರಿಸಿದ: "ಕೋಕೋನಟ್ ಮ್ಯಾನರ್ಸ್ ಸಾರ್. ಅವ್ರು ಒಳ್ಳೇವ್ರು ಅಂತ ಅರ್ಥ. ನಾನಾಗಿದ್ರೂ ಅದೇ ಮಾಡ್ತಿದ್ದೆ."

"ಸರಿ, ಹೊರಗಿನವರು ಎತ್ತಿದ್ದರೆ ಬಿದ್ದ ಜಾಗದಲ್ಲೇ ಇಡಬಹುದು," ಅಂದರು ಕಪ್ಪು ಕನ್ನಡಕದವರು. "ಆದ್ರೆ ಬಿದ್ದಿದ್ದು ಅಲ್ಲೇ ಅಂತ ಏನ್ ಗ್ಯಾರಂಟಿ?"

ಸಿಂಚನ ಬ್ಯಾಗು ಇಳಿಸಿದಳು. ನಿಂತ ಜಾಗದಲ್ಲೇ ಕುಕ್ಕರುಗಾಲಿನಲ್ಲಿ ಕೂತು ಹುಲ್ಲನ್ನು ಬೆರಳಿನಿಂದ ಬಿಡಿಸಿದಳು. ಒದ್ದೆ ಮಣ್ಣಿನಲ್ಲಿ, ಹೆಬ್ಬೆಟ್ಟು ಒತ್ತಿದಂತೆ, ಚೆಂಡು ಬಿದ್ದ ಪುಟ್ಟ ಗುಳಿ. ಅವಳು ನಿಂತಿದ್ದ ಬೂಟಿನ ತುದಿಯಿಂದ ಒಂದು ಗೇಣು. ಅಷ್ಟೇ.

"ಹಳ್ಳದ ಆಚೆಯಿಂದ ಇದನ್ನ ನೋಡಿದ್ಯಾ?" ಅಂದರು ಕಪ್ಪು ಕನ್ನಡಕದವರು.

"ಮೂರನೇ ಮರ ನಾಲ್ಕನೇ ಮರದ ಮಧ್ಯೆ, ನೆರಳಿನ ಅಂಚಿಗೆ ಸಾರ್."

ಕಪ್ಪು ಕನ್ನಡಕದವರು ಕನ್ನಡಕ ತೆಗೆದು ಗುಳಿ ನೋಡಿದರು. ಮತ್ತೆ ಹಾಕಿಕೊಂಡರು. "ಇಡಿ," ಅಂದರು. ಬಿಳಿ ಟೋಪಿಯವರು ಚೆಂಡನ್ನು ತಾವೇ ಅಲ್ಲಿಟ್ಟರು, ಹೊಡೆದರು.

ಗೆದ್ದರಾ? ಇಲ್ಲ. ಒಂಬತ್ತನೇ ಗುಂಡಿಯಲ್ಲಿ ಸೋತರು, ಅದು ಅವರ ಕೈಯಾರೆ. ಆದರೆ ಹೊರಡುವಾಗ ರುದ್ರೇಶನಿಗೆ, "ಮುಂದಿನ ಸಲವೂ ಈ ಹುಡುಗಿಯನ್ನೇ ಕೊಡಿ," ಅಂದರು. ಕಪ್ಪು ಕನ್ನಡಕದವರು ಹಿಂದೆಯೇ ಬಂದು, "ಅದಕ್ಕೂ ಮುಂಚೆ ನನಗೆ," ಅಂದರು. ಲೋಕಿ ಆಕಾಶ ನೋಡಿದ.

ಬೋರ್ಡಿನ ಮೇಲೆ ಇಪ್ಪತ್ತೆರಡು ಹೆಸರಿದ್ದವು. ರುದ್ರೇಶ ಸೀಮೆಸುಣ್ಣ ತಗೊಂಡು ಇಪ್ಪತ್ತಮೂರನೆಯದನ್ನು ಬರೆದ. ಸಿಂಚನ ಹತ್ತಿರ ಹೋಗಿ ನೋಡಿ, "ರುದ್ರಣ್ಣ, 'ಚ'ಗೆ ಒತ್ತು ಕೊಡ್ಬೇಡಿ, ನಾನು ಸಿಂಚ್ಚನ ಅಲ್ಲ," ಅಂದಳು. ಅವನು ಅಂಗೈಯಲ್ಲಿ ಒರೆಸಿ ಸರಿಯಾಗಿ ಬರೆದ. ಅದನ್ನೂ ಕೇಳಿದಳು, ಅದೂ ಆಯಿತು.

ಗೇಟಿನವರೆಗೆ ಬಿಡಲು ಬಂದಳು. "ಅಮ್ಮಂಗೆ ಏನ್ ಹೇಳ್ತೀಯ ಮಾವ?"

"ಇದ್ದಿದ್ದು ಇದ್ದಂಗೆ."

"ಒಂದ್ ಚೂರು ಹೆಚ್ಚುಕಮ್ಮಿ ಆಗ್ಬಾರ್ದು ಅಂದಿತ್ತಲ್ಲ ಅಮ್ಮ?" ಅಂದಳು. ನಗುತ್ತಲೇ ಅಂದಳು, ಆದರೆ ಕಣ್ಣು ನನ್ನ ಮೇಲಿತ್ತು. "ಆ ಒಂದ್ ಚೂರು ಆಗ್ಬುಡ್ತಲ್ಲ."

ಬಸ್ಸಿನಲ್ಲಿ ಅಕ್ಕನ ಫೋನು ಬಂತು. ಹಲೋ ಇಲ್ಲ.

"ಬಿಸ್ಲಿಗೆ ಬಿದ್ಲಾ?"

"ಇಲ್ಲ."

"ಹಾವು ಗೀವು?"

"ಇಲ್ಲಕ್ಕ." (ಈ ಪಟ್ಟಿ ನಮ್ಮ ವಂಶದಲ್ಲೇ ಹರಿದು ಬಂದಿರಬೇಕು.)

"ಭಾರ ಎತ್ತೋಕಾಯ್ತಾ? ಆ ಸಾಹೇಬ್ರು ಬೈದ್ರಾ?"

"ಮುಂದಿನ ಸಲಾನೂ ಇವಳೇ ಬೇಕು ಅಂದ್ರು. ಇಬ್ರೂ."

ಮುಖ್ಯ ಪ್ರಶ್ನೆ ಈಗ ಬರುತ್ತೆ ಅಂತ ಗೊತ್ತಿತ್ತು.

"ಸುಳ್ಳು ಹೇಳ್ಬೇಡ. ಅಷ್ಟು ಜನ ಗಂಡಸ್ರಲ್ಲಿ ಒಬ್ನೂ ತೊಂದ್ರೆ ಕೊಡ್ಲಿಲ್ವಾ?"

ಸುಳ್ಳು ಹೇಳಬಹುದಿತ್ತು. ಆದರೆ ಇದ್ದಿದ್ದು ಇದ್ದಂಗೆ ಹೇಳುತ್ತೇನೆ ಅಂದುಬಿಟ್ಟಿದ್ದೆನಲ್ಲ.

"ಒಬ್ಬ ಕೊಟ್ಟ ಕಣಕ್ಕ. ಅವಳ ಕೆಲಸಾನೇ ಹೋಗ್ತಿತ್ತು."

"ಅನ್ಕೊಂಡೆ! ಯಾವನ್ಲಾ ಅವ್ನು ಕೇಡಿ ನನ್ಮಗ?"

"ನಿನ್ ತಮ್ಮ."